ದುಡಿಯುವ ತಾಯಿಯ ಶ್ರದ್ಧೆಯೂ ನೆರವೂ: ಒಂದು ಚಾರಿತ್ರಿಕ ವಿವೇಚನೆ

೧

ಮಕ್ಕಳನ್ನು ಸಾಕುವ ಹೊಣೆಯೂ ಹೊಟ್ಟೆಪಾಡಿಗಾಗಿ ದುಡಿಯುವ ಹೊಣೆಯೂ ಒಬ್ಬಳ ಹೆಗಲಮೇಲೆಯೇ ಬಿದ್ದಾಗ ಉಂಟಾಗುವ ಕಳವಳಕ್ಕೆ ಈಚಿನ ಮನಶ್ಶಾಸ್ತ್ರಜ್ಞರು ‘ಪಾಲನೆಯ ಒತ್ತಡ’ ಎಂದು ಹೆಸರಿಟ್ಟಿದ್ದಾರೆ. 1983ರಲ್ಲಿ ರಿಚರ್ಡ್ ಅಬಿಡಿನ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಅಳೆಯುವುದಕ್ಕೆಂದೇ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಹೆಸರು ಹೊಸದಾದರೂ ಅನುಭವ ಹಳೆಯದು. ಕಳೆ ಕೀಳುವ ಹೊತ್ತಿಗೆ ಹಸಿದು ಅಳುವ ಕೂಸಿನ ಕಡೆಗೆ ಒಂದು ಕಿವಿಯನ್ನೂ ಮೇಸ್ತ್ರಿಯ ಕೂಗಿನ ಕಡೆಗೆ ಇನ್ನೊಂದು ಕಿವಿಯನ್ನೂ ಕೊಟ್ಟು ಕೆಲಸಮಾಡಿದ ಹೆಂಗಸು ನಮ್ಮ ನಾಡಿನಲ್ಲಿ ಎಲ್ಲ ಕಾಲದಲ್ಲಿಯೂ ಇದ್ದಾಳೆ.

ಇಂಥ ತಾಯಂದಿರನ್ನು ಕುರಿತು ಎರಡು ಮಾತುಗಳು ವಾಡಿಕೆಯಲ್ಲಿವೆ. ದೇವರಲ್ಲಿ ಭಕ್ತಿಯುಳ್ಳವಳಿಗೆ ತಾಳ್ಮೆ ತಾನಾಗಿಯೇ ಬರುತ್ತದೆ ಎಂಬುದು ಮೊದಲನೆಯದು. ಹಿಂದಿನ ಹೆಂಗಸರು ಹತ್ತು ಮಕ್ಕಳನ್ನು ಹೆತ್ತು ಹೊಲದಲ್ಲಿಯೂ ದುಡಿದರು, ಅವರಿಗಿಲ್ಲದ ಕಷ್ಟ ಈಗಿನವರಿಗೇಕೆ ಎಂಬುದು ಎರಡನೆಯದು. ಈ ಎರಡು ಮಾತುಗಳಲ್ಲಿಯೂ ಒಂದಷ್ಟು ಸತ್ಯವುಂಟು. ಆದರೆ ಆ ಸತ್ಯವನ್ನು ಅರ್ಧದಲ್ಲಿಯೇ ಬಿಟ್ಟಿರುವುದರಿಂದ ಅವು ಅಪಾಯಕರವಾಗಿವೆ. ಶ್ರದ್ಧೆಯು ತಾಯಿಯ ಹೊರೆಯನ್ನು ಹಗುರಮಾಡುವುದು ನಿಜವಾದರೆ ಅದು ಯಾವ ದಾರಿಯಿಂದ ಹಾಗೆ ಮಾಡುತ್ತದೆ, ಹಿಂದಿನವರು ಹೊತ್ತ ಹೊರೆಗೆ ಯಾರು ಯಾರು ಕೈಗೊಟ್ಟಿದ್ದರು, ಆ ಕೈಗಳು ಈಗ ಎಲ್ಲಿವೆ ಎಂಬುದನ್ನು ಕರ್ನಾಟಕದ ನಿದರ್ಶನಗಳ ಮೂಲಕ ನಾವು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

೨

ಮೊದಲು ಪರಿಭಾಷೆಯನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಡಂದಿರನ್ನು ಅಗಲಿದ್ದ ಸಂಸಾರಗಳನ್ನು ಅಭ್ಯಾಸಮಾಡಿದ ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞರು 1949ರಲ್ಲಿ ಒಂದು ಸರಳವಾದ ವಿಂಗಡಣೆಯನ್ನು ಮುಂದಿಟ್ಟರು. ಕಷ್ಟವೊಂದು ಸಂಸಾರವನ್ನು ಎಷ್ಟರಮಟ್ಟಿಗೆ ಕದಡುತ್ತದೆ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಕಷ್ಟದ ಸ್ವರೂಪ, ಅದನ್ನು ಎದುರಿಸಲು ಸಂಸಾರಕ್ಕಿರುವ ಸಾಧನಬಲ, ಮತ್ತು ಆ ಕಷ್ಟಕ್ಕೆ ಸಂಸಾರದವರು ಕಲ್ಪಿಸಿಕೊಳ್ಳುವ ಅರ್ಥ. ಒಂದೇ ಬಗೆಯ ಕಷ್ಟ ಎರಡು ಮನೆಗಳಿಗೆ ಒದಗಿದಾಗ ಒಂದು ಮನೆ ನಿಲ್ಲುವುದೂ ಇನ್ನೊಂದು ಕುಸಿಯುವುದೂ ಈ ಕಾರಣದಿಂದಲೇ. 1976ರಲ್ಲಿ ಸಿಡ್ನಿ ಕಾಬ್ ಎಂಬ ವೈದ್ಯರು ಸಾಧನಬಲದ ಒಂದು ಮುಖ್ಯ ಭಾಗವನ್ನು ‘ಸಾಮಾಜಿಕ ನೆರವು’ ಎಂದು ಬೇರ್ಪಡಿಸಿ ವಿವರಿಸಿದರು. ತನ್ನ ಮೇಲೆ ಅಕ್ಕರೆಯುಳ್ಳವರಿದ್ದಾರೆ, ತನಗೆ ಬೆಲೆ ಇದೆ, ಪರಸ್ಪರ ಋಣದಿಂದ ಬಂಧಿತವಾದ ಒಂದು ಬಳಗಕ್ಕೆ ತಾನು ಸೇರಿದ್ದೇನೆ ಎಂಬ ತಿಳಿವಳಿಕೆಯೇ ಅವರ ದೃಷ್ಟಿಯಲ್ಲಿ ಈ ನೆರವಿನ ತಿರುಳು.

ಶ್ರದ್ಧೆಯನ್ನು ಈ ವಿಂಗಡಣೆಯಲ್ಲಿ ಎಲ್ಲಿ ಇಡಬೇಕು? ಮೇಲುನೋಟಕ್ಕೆ ಅದು ಅರ್ಥದ ಕಡೆಗೆ ಸೇರುತ್ತದೆ. ಮಗುವಿಗೆ ಜ್ವರ ಬಂದಾಗ ‘ದೇವರು ಕಾಯುತ್ತಾನೆ’ ಎಂದುಕೊಳ್ಳುವ ತಾಯಿ ಘಟನೆಗೆ ಒಂದು ಅರ್ಥವನ್ನು ಕೊಟ್ಟುಕೊಂಡಳು. ಆದರೆ ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1912ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ ಧರ್ಮವೆಂಬುದು ನಂಬಿಕೆಗಳ ಮೊತ್ತ ಮಾತ್ರವಲ್ಲ. ಜನರನ್ನು ಗೊತ್ತಾದ ಹೊತ್ತಿಗೆ, ಗೊತ್ತಾದ ಸ್ಥಳದಲ್ಲಿ ಒಟ್ಟುಗೂಡಿಸುವ ಆಚರಣೆಯೂ ಹೌದು. ಹೀಗಾಗಿ ಶ್ರದ್ಧೆಯು ಅರ್ಥದ ಜೊತೆಗೆ ಇನ್ನೆರಡನ್ನು ತರುತ್ತದೆ: ಒಂದು, ದುಡಿಮೆಯಿಂದ ಬಿಡುಗಡೆಯಾದ ಮೀಸಲು ಹೊತ್ತು, ಮತ್ತೊಂದು, ಜೊತೆಗಾರರು. ಅರ್ಥ, ಹೊತ್ತು, ಜೊತೆ ಎಂಬ ಈ ಮೂರನ್ನು ಬಿಡಿಸಿ ನೋಡಿದರೆ ತಾಯಿಯ ಹೊರೆ ಎಲ್ಲಿ ಇಳಿಯುತ್ತದೆ, ಎಲ್ಲಿ ಇಳಿಯದೆ ಉಳಿಯುತ್ತದೆ ಎಂಬುದು ವಿಶದವಾಗುತ್ತದೆ.

೩

ನಮ್ಮ ಹಳ್ಳಿಗಳ ಹಳೆಯ ವ್ಯವಸ್ಥೆಯಲ್ಲಿ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಚೊಚ್ಚಲ ಬಸುರಿಗೆ ಸೀಮಂತ ಮಾಡಿ, ಮಡಿಲು ತುಂಬಿ, ತವರಿಗೆ ಕಳುಹಿಸುವ ಸಂಪ್ರದಾಯವನ್ನು ಎತ್ತಿಕೊಳ್ಳಬಹುದು. ಅದು ಶಾಸ್ತ್ರದ ಕಾರ್ಯವಾದರೂ ಅದರ ಫಲ ಲೌಕಿಕವಾದದ್ದು. ಹೆರಿಗೆಯ ಹೊತ್ತಿಗೆ ಆಕೆ ಅತ್ತೆಯ ಮನೆಯ ಕೆಲಸದಿಂದ ಬಿಡುಗಡೆ ಹೊಂದಿ ತಾಯಿ, ಅಜ್ಜಿ, ಅತ್ತಿಗೆಯರ ಆರೈಕೆಗೆ ಸೇರುತ್ತಿದ್ದಳು. ಹೆರಿಗೆಯಾದ ಮೇಲೆ ಪುರುಡಿನ ದಿನಗಳಲ್ಲಿ ಬಾಣಂತಿ ಅಡಿಗೆಮನೆಗೆ ಕಾಲಿಡಬಾರದೆಂಬ ಕಟ್ಟಳೆಯಿತ್ತು. ಮೈಲಿಗೆಯ ಕಲ್ಪನೆಯಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಭಾವವಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಯಾವ ಅತ್ತೆಯೂ ಮೀರಲಾಗದ ವಿಶ್ರಾಂತಿಯೊಂದನ್ನು ಆ ಕಟ್ಟಳೆಯೇ ಬಾಣಂತಿಗೆ ಕೊಡಿಸಿತು ಎಂಬುದನ್ನು ಚರಿತ್ರಕಾರನು ಮರೆಯುವಂತಿಲ್ಲ. ‘ಸುಸ್ತಾಗಿದೆ, ಇಂದು ಕೆಲಸ ಮಾಡಲಾರೆ’ ಎಂದು ಬಾಯಿಬಿಟ್ಟು ಹೇಳಲಾಗದ ಸೊಸೆಯ ಪರವಾಗಿ ಶಾಸ್ತ್ರವೇ ಆ ಮಾತನ್ನು ಹೇಳುತ್ತಿತ್ತು.

ಮಗುವಿಗೆ ಸಿಡುಬು, ದಡಾರಗಳು ತಗುಲಿದಾಗ ‘ಅಮ್ಮ ಬಂದಿದ್ದಾಳೆ’ ಎಂದು ಹೇಳುವ ವಾಡಿಕೆಯೂ ಹೀಗೆಯೇ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಯಿಂದ ತಾಯಿ ಕೂಲಿಗೆ ಬರಲಿಲ್ಲವೆಂದರೆ ಹೊಲದ ಒಡೆಯನು ಆಕ್ಷೇಪಿಸುವುದು ಕಷ್ಟವಾಗಿತ್ತು. ಕಾರಣ, ಅವಳು ಮನೆಯಲ್ಲಿ ಉಳಿದದ್ದು ಮಗುವಿಗಾಗಿ ಮಾತ್ರವಲ್ಲ, ದೇವಿಗಾಗಿ. ಈ ನಂಬಿಕೆಯಿಂದ ಔಷಧೋಪಚಾರ ತಡವಾಗಿ ಜೀವಹಾನಿಯಾದದ್ದೂ ಉಂಟು. ಆದರೆ ರಜೆಯ ಕಾನೂನಿಲ್ಲದ ಕಾಲದಲ್ಲಿ ರೋಗಿಯಾದ ಮಗುವಿನ ಬಳಿ ಕುಳಿತಿರುವ ಹಕ್ಕನ್ನು ಕೂಲಿಯ ಹೆಂಗಸಿಗೆ ಕೊಟ್ಟದ್ದು ಇಂಥ ನಂಬಿಕೆಯೇ. ಉತ್ತರ ಕರ್ನಾಟಕದಲ್ಲಿ ಹುಟ್ಟಿದ ಮಗುವಿನ ಹಣೆಬರಹವನ್ನು ಸೆಟವಿ ಬರೆಯುತ್ತಾಳೆಂಬ ನಂಬಿಕೆಯಿದೆ. ಮಗುವಿಗೆ ಬಂದದ್ದೆಲ್ಲ ತಾಯಿಯ ತಪ್ಪಿನಿಂದಲೇ ಬಂತೆಂಬ ಆಪಾದನೆಯ ಒಂದು ಪಾಲನ್ನು ಈ ನಂಬಿಕೆ ಅವಳ ಮೇಲಿಂದ ಇಳಿಸಿ ಬೇರೆಡೆ ಇಡುತ್ತದೆ.

ಬೀಸುವ ಕಲ್ಲಿನ ಹಾಡುಗಳು ಇನ್ನೊಂದು ನಿದರ್ಶನ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಬೆಳಕಿಗೆ ತಂದ ‘ಗರತಿಯ ಹಾಡು’ ಎಂಬ ಸಂಕಲನವನ್ನು ಸಾಹಿತ್ಯದ ವಿದ್ಯಾರ್ಥಿಗಳು ತ್ರಿಪದಿಯ ಸೊಬಗಿಗಾಗಿ ಓದುತ್ತಾರೆ. ಚರಿತ್ರೆಯ ವಿದ್ಯಾರ್ಥಿಯು ಅದನ್ನು ದುಡಿಮೆಯ ದಾಖಲೆಯಾಗಿಯೂ ಓದಬೇಕು. ನಸುಕಿನಲ್ಲಿ ಎದ್ದು, ಒಂದೇ ಗೂಟಕ್ಕೆ ಇಬ್ಬರು ಕೈಹಾಕಿ, ಜೋಳ ಬೀಸುತ್ತ ಹಾಡಿದ ಹೆಂಗಸರು ದೇವರನ್ನೂ ತವರನ್ನೂ ಕೂಸನ್ನೂ ಒಂದೇ ಉಸಿರಿನಲ್ಲಿ ನೆನೆದರು. ದೇವರ ನೆನಪು ಅಲ್ಲಿ ಏಕಾಂತದ ಧ್ಯಾನವಾಗಿರಲಿಲ್ಲ. ಎದುರಿಗೆ ಕುಳಿತು ಪಲ್ಲವಿಗೆ ದನಿಗೂಡಿಸುವವಳೊಬ್ಬಳು ಇದ್ದಳು. ಅತ್ತೆಯ ಮೇಲಿನ ದೂರನ್ನು ನೇರವಾಗಿ ಹೇಳಲಾರದವಳು ಹಾಡಿನ ಮರೆಯಲ್ಲಿ ಹೇಳಿದಳು, ಜೊತೆಯವಳು ಕೇಳಿದಳು. ಮನಶ್ಶಾಸ್ತ್ರಜ್ಞರು ಈಗ ‘ಭಾವನೆಯ ನೆರವು’ ಎಂದು ಕರೆಯುವುದು ಇದನ್ನೇ.

ದುಡಿಮೆಗೆ ಗೌರವದ ಅರ್ಥವನ್ನು ಕೊಡುವುದರಲ್ಲಿಯೂ ನಮ್ಮ ಧಾರ್ಮಿಕ ಪರಂಪರೆ ಹಿಂದೆ ಬಿದ್ದಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಅಂಗಳ ಗುಡಿಸುವ ಸತ್ಯಕ್ಕ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಇದ್ದರು. ಕಾಯಕವೇ ಪೂಜೆಯೆಂಬ ತತ್ತ್ವವು ಹೆಣ್ಣಿನ ದುಡಿಮೆಯನ್ನು ಕೀಳೆಂದು ಎಣಿಸಲಿಲ್ಲ. ತಾಯಿಯಾದವಳು ಮನೆಯಿಂದ ಹೊರಗೆ ದುಡಿಯುವುದು ಧರ್ಮಕ್ಕೆ ವಿರುದ್ಧವಾದದ್ದೆಂಬ ಭಾವನೆಯನ್ನು ನಮ್ಮ ಪರಂಪರೆಯ ಏಕೈಕ ಧ್ವನಿಯೆಂದು ತಿಳಿಯುವುದು ಸರಿಯಲ್ಲ.

ಇಷ್ಟರಿಂದ ಹಳೆಯ ಕಾಲವು ಸುವರ್ಣಯುಗವಾಗಿತ್ತೆಂದು ಭಾವಿಸಬಾರದು. ತಿಂಗಳುಗಟ್ಟಲೆ ಬಾಣಂತನ ನಡೆಯುತ್ತಿದ್ದುದು ಉಣ್ಣಲು ಇದ್ದ ಮನೆಗಳಲ್ಲಿ. ಕೂಲಿಯ ಹೆಂಗಸು ಬೇಗನೆ ಹೊಲಕ್ಕೆ ಮರಳಿ, ಬದುವಿನ ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು. ಆ ಜೋಳಿಗೆಯನ್ನು ತೂಗುತ್ತಿದ್ದವರು ಕೈಲಾಗದ ಮುದುಕಿ ಅಥವಾ ಏಳೆಂಟು ವರ್ಷದ ಅಕ್ಕ. ತಮ್ಮನನ್ನು ಎತ್ತಿಕೊಂಡು ಬೆಳೆದ ಆ ಹುಡುಗಿಯ ಅಕ್ಷರವೇ ತಾಯಿಯ ನೆಮ್ಮದಿಗೆ ತೆತ್ತ ಬೆಲೆಯಾಯಿತು. ಹಿಂದಿನವರ ತಾಳ್ಮೆಯನ್ನು ಹೊಗಳುವವರು ಈ ಲೆಕ್ಕವನ್ನೂ ನೋಡಬೇಕು.

೪

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋಕಾಕ, ಬೆಂಗಳೂರುಗಳಲ್ಲಿ ನೂಲಿನ ಗಿರಣಿಗಳು ಎದ್ದುವು. ಮಲೆನಾಡು ಕೊಡಗುಗಳಲ್ಲಿ ಕಾಫಿ ತೋಟಗಳು ಅದಕ್ಕೂ ಮೊದಲೇ ಹಬ್ಬಿದ್ದುವು. ಗಿರಣಿಯ ದುಡಿಮೆಯು ತಾಯಿಯ ಬದುಕಿನಲ್ಲಿ ತಂದ ಮುಖ್ಯ ವ್ಯತ್ಯಾಸ ಯಾವುದೆಂದರೆ, ಕೆಲಸದ ಸ್ಥಳವೂ ಮಗುವಿನ ಸ್ಥಳವೂ ಬೇರೆಬೇರೆಯಾದವು. ಮರದ ಜೋಳಿಗೆಗೆ ಗಿರಣಿಯ ಮಗ್ಗದ ಬಳಿ ಜಾಗವಿಲ್ಲ. ಗಿರಣಿಯ ಕೂಗಿಗೆ ಪುರುಡು ತಿಳಿಯದು, ಅಮ್ಮ ಬಂದದ್ದೂ ತಿಳಿಯದು. ಶಾಸ್ತ್ರವು ಹಿಂದೆ ಕೊಡಿಸುತ್ತಿದ್ದ ಬಿಡುವನ್ನು ಇನ್ನು ಮೇಲೆ ಶಾಸನವೇ ಕೊಡಿಸಬೇಕಾಯಿತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1919ರ ತನ್ನ ಮೊದಲನೆಯ ಅಧಿವೇಶನದಲ್ಲಿಯೇ ಹೆರಿಗೆಯ ರಕ್ಷಣೆಯ ಒಪ್ಪಂದವನ್ನು ಅಂಗೀಕರಿಸಿತು. ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ, 1928ರಲ್ಲಿ, ಡಾ. ಬಿ. ಆರ್. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸೇರಿದ್ದಾದುದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕೆಂಬುದು ಅವರ ವಾದದ ಸಾರ. ಆ ಶಾಸನವು 1929ರಲ್ಲಿ ಜಾರಿಗೆ ಬಂದಿತು. ಮೈಸೂರು ಸಂಸ್ಥಾನವು 1937ರಲ್ಲಿ ತನ್ನದೇ ಹೆರಿಗೆ ಸೌಲಭ್ಯ ಶಾಸನವನ್ನು ಮಾಡಿತು. ತರುವಾಯ 1948ರ ಕಾರ್ಖಾನೆಗಳ ಶಾಸನವು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುವಿಹಾರವಿರಬೇಕೆಂದು ವಿಧಿಸಿತು. 1976ರಲ್ಲಿ ಈ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಲಾಯಿತು. 1951ರ ತೋಟಗಾರಿಕೆ ಕಾರ್ಮಿಕರ ಶಾಸನವು ದೊಡ್ಡ ತೋಟಗಳಿಗೂ ಇಂಥದೇ ಹೊಣೆಯನ್ನು ಹೊರಿಸಿತು. 1961ರ ಹೆರಿಗೆ ಸೌಲಭ್ಯ ಶಾಸನ ಗೊತ್ತುಮಾಡಿದ 12 ವಾರಗಳ ರಜೆಯು 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಐವತ್ತು ಅಥವಾ ಹೆಚ್ಚು ಮಂದಿ ಕೆಲಸಮಾಡುವ ಸಂಸ್ಥೆಗಳು ಶಿಶುವಿಹಾರದ ಏರ್ಪಾಡು ಮಾಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಅವಕಾಶವಿರಬೇಕು ಎಂಬ ನಿಯಮವೂ ಅದರಲ್ಲಿ ಸೇರಿತು. ಹೆರಿಗೆಯ ಸೌಲಭ್ಯಗಳಿಗೆ ಸಂಬಂಧಿಸಿದ ಈ ವಿಧಿಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಳವಡಿಸಲಾಗಿದೆ.

ಈ ಶಾಸನಗಳ ಸಾಲನ್ನು ಸೀಮಂತ, ಪುರುಡು, ಜೋಳಿಗೆಗಳ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಅಗತ್ಯಕ್ಕೆ ಕೊಟ್ಟ ಉತ್ತರಗಳೆಂಬುದು ತಿಳಿಯುತ್ತದೆ. ಮೊದಲನೆಯದು ತಾಯಿಗೆ ಹೊತ್ತನ್ನೂ ಜೊತೆಯನ್ನೂ ದೇವರ ಹೆಸರಿನಲ್ಲಿ ಕೊಡಿಸಿತು, ಎರಡನೆಯದು ರಾಷ್ಟ್ರದ ಹೆಸರಿನಲ್ಲಿ. ಮೊದಲನೆಯದರ ವ್ಯಾಪ್ತಿಗೆ ಕುಲ, ಸಿರಿತನಗಳ ಮಿತಿಯಿತ್ತು. ಎರಡನೆಯದು ಎಲ್ಲರಿಗೂ ಸಲ್ಲುವ ಹಕ್ಕಾದರೂ ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದ ಮನೆಗೆಲಸದವಳನ್ನೂ ಗಾರೆ ಕೆಲಸದವಳನ್ನೂ ಅದು ಮುಟ್ಟುವುದು ಅಪರೂಪ.

೫

ಈಗಿನ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಕಡೆಗೆ ನೋಡೋಣ. ಅಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಬಹುಮಂದಿ ಹಳ್ಳಿಗಳಿಂದ ವಲಸೆ ಬಂದವರು. ಒಂದು ಕೊಠಡಿಯ ಬಾಡಿಗೆ ಮನೆಯಲ್ಲಿ ಅತ್ತೆಯೂ ಇಲ್ಲ, ಅತ್ತಿಗೆಯೂ ಇಲ್ಲ. ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಹಬ್ಬಕ್ಕೊಮ್ಮೆ ಹೋಗಿ ನೋಡುವ ತಾಯಂದಿರೂ ಉಂಟು. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾದ ಅಂಗನವಾಡಿಯ ಯೋಜನೆ ಈಗ ಊರೂರಿಗೂ ಹಬ್ಬಿದೆಯಾದರೂ ಅಂಗನವಾಡಿಯ ಬಾಗಿಲು ಮುಚ್ಚಿದ ಮೇಲೂ ಕಾರ್ಖಾನೆಯ ಪಾಳಿ ನಡೆದಿರುತ್ತದೆ. ಮನೆಗೆ ಬಂದಮೇಲೆ ಎರಡನೆಯ ಪಾಳಿ ಆರಂಭ. 2019ರಲ್ಲಿ ಭಾರತ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕಳೆದರೆ ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕಳೆದದ್ದು 97 ನಿಮಿಷ. ಹಳೆಯ ನೆರವು ಹೋದಾಗ ಅದರ ಸ್ಥಳಕ್ಕೆ ಗಂಡನ ಕೈ ಬರಲಿಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಇಂಥ ನಗರದಲ್ಲಿ ಶ್ರದ್ಧೆಯು ಏನು ಮಾಡುತ್ತಿದೆ? ಅದು ಹೊಸ ಕೂಟಗಳನ್ನು ಕಟ್ಟುತ್ತಿದೆ ಎಂಬುದೇ ಇದಕ್ಕೆ ಉತ್ತರ. ಬನಶಂಕರಿ ದೇವಾಲಯದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಸೊಡರು ಹಚ್ಚಲು ಸೇರುವವರನ್ನು ನೋಡಬಹುದು. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಬರುವವರಲ್ಲಿ ಕ್ರೈಸ್ತರಲ್ಲದ ತಾಯಂದಿರೂ ಎಷ್ಟೋ ಮಂದಿ ಇರುತ್ತಾರೆ. ಬಾಲರೂಪದ ದೇವರ ಮುಂದೆ ಮಗುವಿಗಾಗಿ ಹರಕೆ ಹೊರುವುದು ಅವರಿಗೆ ಸಹಜವಾಗಿಯೇ ತೋರುತ್ತದೆ. ಚಳಿಗಾಲದಲ್ಲಿ ಕೆಂಪು ಸೀರೆಯುಟ್ಟು, ಮಾಲೆ ಧರಿಸಿ, ಬಸ್ಸುಗಳಲ್ಲಿ ಗುಂಪುಗುಂಪಾಗಿ ತಮಿಳುನಾಡಿನ ಮೇಲ್ಮರುವತ್ತೂರಿನ ಓಂ ಶಕ್ತಿ ಸನ್ನಿಧಿಗೆ ಹೊರಡುವ ಹೆಂಗಸರಲ್ಲಿ ಕೂಲಿ, ಕಾರ್ಖಾನೆಗಳಲ್ಲಿ ದುಡಿಯುವವರು ಬಹಳ. ಅಲ್ಲಿ ಗರ್ಭಗುಡಿಯಲ್ಲಿ ಹೆಂಗಸರೇ ಪೂಜೆಮಾಡಬಹುದು. ಮುಟ್ಟಿನ ನಿರ್ಬಂಧವೂ ಇಲ್ಲ. ವ್ರತದ ದಿನಗಳಲ್ಲಿ ಒಂದು ಬೀದಿಯ ಹೆಂಗಸರು ಸಂಜೆಗೊಮ್ಮೆ ಸೇರುತ್ತಾರೆ, ಚೀಟಿಯ ಹಣ ಕೂಡಿಸುತ್ತಾರೆ, ಯಾರ ಮಗುವಿಗೆ ಜ್ವರವೆಂದು ಅರಿಯುತ್ತಾರೆ, ಒಬ್ಬಳು ಯಾತ್ರೆಗೆ ಹೊರಟರೆ ಇನ್ನೊಬ್ಬಳು ಅವಳ ಮಗುವಿಗೆ ಅನ್ನವಿಕ್ಕುತ್ತಾಳೆ. ಹಳ್ಳಿಯ ಬೀಸುವ ಕಲ್ಲಿನ ಎದುರಿಗೆ ಕುಳಿತಿದ್ದ ಗೆಳತಿ ಇಲ್ಲಿ ಮಾಲೆ ಧರಿಸಿ ಮತ್ತೆ ದೊರೆತಳೆಂದು ಹೇಳಬಹುದು. ಬೀಡಿ ಕಟ್ಟುವ ಕರಾವಳಿಯ ಮನೆಗಳ ಜಗಲಿಯಲ್ಲಿಯೂ ಇದೇ ಬಗೆಯ ಬಳಗ ಕಾಣಸಿಗುತ್ತದೆ. ಹೆಂಗಸರು ಸುತ್ತ ಕುಳಿತು ಎಲೆ ಕತ್ತರಿಸುತ್ತಿದ್ದರೆ ಮಕ್ಕಳು ನಡುವೆ ಆಡುತ್ತಿರುತ್ತವೆ.

ಧಾರ್ಮಿಕ ಸಂಸ್ಥೆಯೊಂದು ನೇರವಾಗಿ ನೆರವಿನ ಸಂಘಟನೆಗೆ ಕೈಹಾಕಿದ ನಿದರ್ಶನವೂ ನಮ್ಮಲ್ಲಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾಗಿ ಮುಂದೆ ಸ್ವಸಹಾಯ ಗುಂಪುಗಳ ಮೂಲಕ ಬಹುಸಂಖ್ಯೆಯ ಹೆಂಗಸರನ್ನು ಸಂಘಟಿಸಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು 2000-01ರಿಂದ ಬೆಳೆದುವು. ವಾರಕ್ಕೊಮ್ಮೆ ಸೇರಲೇಬೇಕೆಂಬ ನಿಯಮವು ಇಂಥ ಗುಂಪುಗಳಲ್ಲಿ ಹಣದಷ್ಟೇ ಮುಖ್ಯ. ಏಕೆಂದರೆ ಆ ಒಂದು ಗಂಟೆಯಲ್ಲಿ ಹೆಂಗಸು ತನ್ನ ಮನೆಯ ಸಂಕಟ ತನ್ನೊಬ್ಬಳದೇ ಅಲ್ಲವೆಂಬುದನ್ನು ಕಾಣುತ್ತಾಳೆ. ಸಾಲದ ಕಂತು ತಪ್ಪಿದಾಗ ಅದೇ ಗುಂಪು ಒತ್ತಡದ ಮೂಲವಾಗುವುದೂ ಉಂಟೆಂಬುದನ್ನು ಇಲ್ಲಿ ಸೇರಿಸಬೇಕು.

೬

ಶ್ರದ್ಧೆಯ ಇನ್ನೊಂದು ಮುಖವನ್ನು ಮರೆಮಾಚುವುದು ವಿದ್ವತ್ತಿಗೆ ತಕ್ಕದ್ದಲ್ಲ. ಧರ್ಮದ ಮನಶ್ಶಾಸ್ತ್ರವನ್ನು ಕುರಿತು 1997ರಲ್ಲಿ ಗ್ರಂಥ ಬರೆದ ಕೆನೆತ್ ಪಾರ್ಗಮೆಂಟ್ ಎಂಬ ವಿದ್ವಾಂಸರು ಕಷ್ಟದಲ್ಲಿ ಧರ್ಮದ ಮೊರೆಹೋಗುವುದರಲ್ಲಿ ಉಪಕಾರಿಯೂ ಅಪಕಾರಿಯೂ ಆದ ಎರಡು ಬಗೆಗಳನ್ನು ಗುರುತಿಸಿದ್ದಾರೆ. ದೇವರು ಜೊತೆಗಿದ್ದಾನೆಂಬ ಭಾವ ಮನಸ್ಸನ್ನು ನಿಲ್ಲಿಸುತ್ತದೆ. ದೇವರು ತನ್ನನ್ನು ದಂಡಿಸುತ್ತಿದ್ದಾನೆಂಬ ಭಾವ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ‘ನೀನು ಕೆಲಸಕ್ಕೆ ಹೋದದ್ದರಿಂದಲೇ ಮಗುವಿಗೆ ಹೀಗಾಯಿತು, ದೇವರು ಮೆಚ್ಚುವುದಿಲ್ಲ’ ಎಂಬ ನೆರೆಯವರ ಒಂದು ಮಾತು ಸಾಕು, ಅರ್ಥವೇ ಹೊರೆಯಾಗುತ್ತದೆ.

ವ್ರತಗಳು ಹೊತ್ತನ್ನು ಕೊಡುವಂತೆ ಕಸಿಯುವುದೂ ಉಂಟು. ಹಬ್ಬದ ದಿನ ಊರಿಗೆಲ್ಲ ರಜೆ, ಅಡಿಗೆಮನೆಗೆ ಮಾತ್ರ ರಜೆಯಿಲ್ಲ. ಉಪವಾಸವಿದ್ದು ಕಾರ್ಖಾನೆಗೆ ಹೋಗಿಬಂದವಳು ಸಂಜೆ ನೈವೇದ್ಯಕ್ಕೆ ಒಲೆ ಹಚ್ಚಬೇಕು. ಜೊತೆಯ ವಿಷಯದಲ್ಲಿಯೂ ತಾರತಮ್ಯವುಂಟು. ಅರಿಶಿನ ಕುಂಕುಮದ ಕೂಟಗಳಿಗೆ ವಿಧವೆಯನ್ನು ಕರೆಯದಿರುವ ಪದ್ಧತಿ ಅನೇಕ ಕಡೆ ಇನ್ನೂ ಅಳಿದಿಲ್ಲ. ಗಂಡ ತೊರೆದವಳಿಗೂ ಅಲ್ಲಿ ಆದರ ಕಡಿಮೆ. ಒಬ್ಬಳೇ ದುಡಿದು ಮಕ್ಕಳನ್ನು ಸಾಕುತ್ತಿರುವ ಹೆಂಗಸಿಗೆ ಎಲ್ಲರಿಗಿಂತ ಹೆಚ್ಚಾಗಿ ಬಳಗ ಬೇಕು. ಆ ಬಳಗದ ಬಾಗಿಲು ಅವಳಿಗೇ ಮುಚ್ಚಿದೆ. ಶ್ರದ್ಧೆಯಿಂದ ನೆರವು ದೊರೆಯುತ್ತದೆ ಎನ್ನುವಾಗ ಯಾರಿಗೆ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಮುಂದುವರಿಯುವಂತಿಲ್ಲ.

೭

ಇಷ್ಟು ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇದು. ದುಡಿಯುವ ತಾಯಿಯ ಒತ್ತಡವನ್ನು ಇಳಿಸುವಲ್ಲಿ ಶ್ರದ್ಧೆಗೆ ನಿಜವಾದ ಶಕ್ತಿಯಿದೆ. ಆದರೆ ಆ ಶಕ್ತಿಯ ಹೆಚ್ಚಿನ ಪಾಲು ಅದು ತರುವ ಮೀಸಲು ಹೊತ್ತಿನಲ್ಲಿಯೂ ಜೊತೆಗೂಡುವ ಕೈಗಳಲ್ಲಿಯೂ ಇದೆ. ಅರ್ಥವು ತಾಯಿಗೆ ಇನ್ನೊಂದು ದಿನ ಹೊರುವ ಧೈರ್ಯವನ್ನು ಕೊಟ್ಟೀತು. ಹೊರೆಯನ್ನು ತಲೆಯಿಂದ ಇಳಿಸಲು ಇನ್ನೊಬ್ಬರ ಕೈಯೇ ಬೇಕು. ಹೊತ್ತನ್ನೂ ಜೊತೆಯನ್ನೂ ಕಿತ್ತುಕೊಂಡು ತಾಳ್ಮೆಯನ್ನು ಮಾತ್ರ ಬೋಧಿಸಿದರೆ ಶ್ರದ್ಧೆಯು ಅವಳನ್ನು ದೂಷಿಸುವ ಸಾಧನವಾಗಿ ಮಾರ್ಪಡುತ್ತದೆ.

ಈ ನಿರ್ಣಯಕ್ಕೆ ವ್ಯವಹಾರದಲ್ಲಿಯೂ ಬೆಲೆಯಿದೆ. 2023-24ರ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು ಕೂಲಿಯ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಇಂಥ ಯೋಜನೆಯ ಯಶಸ್ಸು ಕಟ್ಟಡವೊಂದರಿಂದಲೇ ಆಗದು. ಊರಿನ ತಾಯಂದಿರು ನಂಬುವ ಹೆಂಗಸೊಬ್ಬಳು ಅಲ್ಲಿರಬೇಕು, ಬಾಗಿಲು ತೆರೆಯುವ ಹೊತ್ತು ಕೂಲಿಯ ಹೊತ್ತಿಗೆ ಹೊಂದಬೇಕು, ವಿಧವೆಯ ಮಗುವಿಗೂ ಯಾವ ಕುಲದ ಮಗುವಿಗೂ ಒಂದೇ ಜಮಖಾನೆ ಹಾಸಿರಬೇಕು. ದೇವಾಲಯ, ಮಠ, ಚರ್ಚು, ಮಸೀದಿಗಳ ಅಂಗಳಗಳು ಹಗಲು ಬಹುಹೊತ್ತು ಖಾಲಿಯಾಗಿಯೇ ಇರುತ್ತವೆ. ಅಲ್ಲಿ ಒಂದು ತೊಟ್ಟಿಲಿಗೆ ಸ್ಥಳ ಕೊಡುವುದು ಆ ಧರ್ಮಗಳ ಯಾವ ತತ್ತ್ವಕ್ಕೂ ವಿರುದ್ಧವಾಗಲಾರದು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ವಿಸ್ತಾರವಾದ ಕಾರ್ಯಕ್ಷೇತ್ರವಿದೆ. ತಮ್ಮ ತಮ್ಮ ಊರುಗಳಲ್ಲಿ ಮುಪ್ಪಿನ ತಾಯಂದಿರನ್ನು ಕಂಡು, ಅವರು ದುಡಿಯಲು ಹೋದಾಗ ಅವರ ಕೂಸನ್ನು ನೋಡಿಕೊಂಡವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಉತ್ತರಗಳನ್ನು ಬರೆದಿಟ್ಟುಕೊಂಡರೂ ನಮ್ಮ ಸಾಮಾಜಿಕ ಚರಿತ್ರೆಗೆ ಅಮೂಲ್ಯವಾದ ಆಕರವೊಂದು ಒದಗುತ್ತದೆ. ಆ ಉತ್ತರಗಳಲ್ಲಿ ಬರುವ ಅಜ್ಜಿ, ಅಕ್ಕ, ನೆರೆಮನೆಯವಳು, ದೇವರು ಇವರೆಲ್ಲರನ್ನೂ ಸಮನಾದ ಗಮನದಿಂದ ದಾಖಲಿಸುವುದು ನಮ್ಮ ಕರ್ತವ್ಯ.